ದಪ್ಪ ಪುಸ್ತಕ ಯಾರಿಗೆ

ಮಕ್ಕಳ ವಾರ್ಡಿಗೆ ಟಿ.ವಿ. ತರುತ್ತೇವೆ ಎಂದಾಗ ಬೇಡ ಎಂದವಳು ನಾನೊಬ್ಬಳೇ. ಹೆಡ್ ನರ್ಸ್ ಆದವಳಿಗೆ ಬೇಡ ಎನ್ನುವುದೇ ಅರ್ಧ ಕೆಲಸ. ಟಿ.ವಿ. ಬಂದರೆ ಹಿಂದೆಯೇ ಗದ್ದಲ ಬರುತ್ತದೆ, ಗದ್ದಲದ ಹಿಂದೆ ನೆಂಟರು, ನೆಂಟರ ಹಿಂದೆ ಬಿಸ್ಕತ್ತಿನ ಪುಡಿ, ಪುಡಿಯ ಹಿಂದೆ ಇರುವೆ. ನನ್ನ ಮಾತು ಯಾರು ಕೇಳಬೇಕು? ಟಿ.ವಿ. ಬಂತು. ಅದನ್ನು ನೋಡಿಕೊಳ್ಳಲು ಜೊತೆಗೊಬ್ಬ ಮುದುಕರೂ ಬಂದರು.

ಮಕ್ಕಳು ಅವರಿಗೆ ಕ್ಯಾಸೆಟ್ ತಾತ ಎಂದು ಹೆಸರಿಟ್ಟರು. ಹಿಂದೆ ಅವರದು ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಎಲ್ಲರ ಅಂಗೈಯೊಳಗೇ ಸಿನಿಮಾ ಬಂತು, ಅಂಗಡಿಗೆ ಬಾಗಿಲು ಬಿತ್ತು. ಆದರೆ ಇಂಥದ್ದು ನೋಡಿ, ಇಂಥದ್ದು ಓದಿ ಎಂದು ಜನರಿಗೆ ಹೇಳುವ ಚಟ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಮೊದಲ ದಿನವೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಅಪ್ಪ ಅಮ್ಮಂದಿರನ್ನು ವಿಚಾರಿಸತೊಡಗಿದರು.

“ಮನೇಲಿ ಯಾರ್ಯಾರಿದ್ದೀರಿ? ಅವರಲ್ಲಿ ಬೇಗ ಅಳೋರು ಯಾರು? ಸಿನಿಮಾ ಹಾಕಿದ ತಕ್ಷಣ ನಿದ್ದೆ ಹೋಗೋರು ಯಾರು?”

“ಏನ್ರೀ ಇದು, ಜನಗಣತಿನಾ?” ಎಂದೆ.

“ಇಷ್ಟು ಗೊತ್ತಾದ್ರೆ ಸಾಕು ಸಿಸ್ಟರ್, ಆ ಮನೆಗೆ ಯಾವ ಸಿನಿಮಾ ಸರಿಹೋಗುತ್ತೆ ಅಂತ ಹೇಳಿಬಿಡ್ತೀನಿ. ಮಕ್ಕಳ ಸಿನಿಮಾ ಮಾಡೋರನ್ನ ನಂಬೋ ಹಾಗಿಲ್ಲ. ತಾಯಂದಿರ ಮೇಲೆ ಅದೇನು ಹಗೆಯೋ, ಹೆಸರು ತೋರಿಸಿ ಮುಗಿಯೋದ್ರೊಳಗೆ ಸಾಯಿಸಿಬಿಡ್ತಾರೆ. ಅಂಥದ್ದನ್ನ ತಾಯಿ ಇಲ್ಲದ ಮನೆಗೆ ಕೊಟ್ರೆ ಆ ಪಾಪ ಯಾರಿಗೆ?”

ಮನುಷ್ಯ ದಡ್ಡನಲ್ಲ ಎಂದು ಅಂದೇ ಗೊತ್ತಾಯಿತು. ಆದರೂ ಮುಖ ಸಡಿಲಿಸಲಿಲ್ಲ.

ಭಾನುವಾರ ಮಧ್ಯಾಹ್ನ ಸಿನಿಮಾ. ಮಂಚಗಳನ್ನು ಒಂದು ಕಡೆಗೆ ಸರಿಸಿ, ಹೆತ್ತವರಿಗೆ ಸ್ಟೂಲು ಹಾಕಿ, ಕಿಟಕಿಗೆ ಬೆಡ್‌ಶೀಟು ಕಟ್ಟುತ್ತಿದ್ದೆವು. ಉಳಿದ ದಿನಗಳಲ್ಲಿ ಅಪ್ಪ ಅಮ್ಮ ಮಗುವಿನ ಮುಖ ನೋಡುತ್ತಾ ಕೂರುತ್ತಾರೆ, ಮಗು ಸೂರು ನೋಡುತ್ತಾ ಮಲಗಿರುತ್ತದೆ. ಸಿನಿಮಾ ಹಾಕಿದ ಆ ಹೊತ್ತಿನಲ್ಲಿ ಮಾತ್ರ ಮನೆಮಂದಿಯೆಲ್ಲ ಒಂದೇ ಕಡೆ ನೋಡುತ್ತಿದ್ದರು. ಅದನ್ನು ನೋಡಿದ ಮೇಲೆ ಟಿ.ವಿ. ಬೇಡ ಎನ್ನುವುದನ್ನು ನಾನು ಬಿಟ್ಟೆ. ಇರುವೆ ಬಂದವು, ನಿಜ. ಅವುಗಳಿಗೆ ಬೇರೆ ಮದ್ದು ಹಾಕಿದೆ.

ಸೋಮವಾರ ತಾತ ಊಟದ ಹಳೆಯ ತಳ್ಳುಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬರುತ್ತಿದ್ದರು. ಹಿಂದಿನ ದಿನ ನೋಡಿದ ಸಿನಿಮಾಕ್ಕೆ ಸಂಬಂಧಪಟ್ಟ ಪುಸ್ತಕಗಳೇ ಆಗಬೇಕು, ಬೇರೆಯದು ತರುವವರಲ್ಲ. ಸಿನಿಮಾ ಯಾವ ಕಥೆಯಿಂದ ಹುಟ್ಟಿತೋ ಅದು ‘ಅಮ್ಮ’. ಅದೇ ಬಗೆಯ ಇನ್ನೊಂದು ಕಥೆ ‘ಚಿಕ್ಕಪ್ಪನ ಮಗ’. ಅಲ್ಲೊಂದು ಇಲ್ಲೊಂದು ಹೋಲಿಕೆ ಇದ್ದರೆ “ಇದು ಮದುವೆ ಮನೇಲಿ ಸಿಕ್ಕಿದ ದೂರದ ನೆಂಟ, ಮೂಗು ಮಾತ್ರ ನಮ್ಮ ಕಡೇದು” ಎನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು. ನಾನು ಔಷಧಿ ಬೀರುವಿನ ಕಡೆ ತಿರುಗಿ ನಗುತ್ತಿದ್ದೆ.

ನಾನು ಅವರಿಗೆ ಹಾಕಿದ್ದು ಒಂದೇ ಕಟ್ಟಳೆ. ಕೈಗೆ ಡ್ರಿಪ್ಪಿನ ಸೂಜಿ ಹಾಕಿರುವ ಮಗುವಿಗೆ ದಪ್ಪ ಪುಸ್ತಕ ಕೊಡಕೂಡದು. ಅವರು ಬಂದ ಹೊಸದರಲ್ಲಿ ಒಂದು ಮಗು ಇಟ್ಟಿಗೆಯಂಥ ಪುಸ್ತಕ ಎತ್ತಲು ಹೋಗಿ ಸೂಜಿ ಜರುಗಿ, ಕೈ ಬನ್ನಿನ ಹಾಗೆ ಊದಿತು. ಮತ್ತೆ ನರ ಹುಡುಕಿ ಹುಡುಕಿ ಚುಚ್ಚಬೇಕಾಯಿತು. ಆ ಮಗು ಅತ್ತಿದ್ದಕ್ಕೆ ನಾನು ತಾತನನ್ನು ಎಲ್ಲರೆದುರಿಗೇ ಬೈದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಅವರು ಒಂದು ಮಾತೂ ಎದುರಾಡಲಿಲ್ಲ. ಅಂದಿನಿಂದ ಯಾವ ಮಂಚದ ಹತ್ತಿರ ಹೋದರೂ ಮೊದಲು ಮಗುವಿನ ಕೈ ನೋಡುತ್ತಿದ್ದರು, ಆಮೇಲೆ ಮುಖ. ಸೂಜಿ ಇದ್ದರೆ ತೆಳು ಪುಸ್ತಕ, ಇಲ್ಲದಿದ್ದರೆ ದಪ್ಪದ್ದು.

ಇಷ್ಟು ಸರಳವಾದ ಸಂಗತಿಯಿಂದ ಮಕ್ಕಳು ಬೇರೆಯೇ ಅರ್ಥ ಹೊರಡಿಸಿದ್ದರು. ಅದು ನನಗೆ ಗೊತ್ತಾದದ್ದು ಗುಬ್ಬಿಯಿಂದ.

ಗುಬ್ಬಿ ಎಂದರೆ ಗೋಡೆ ಪಕ್ಕದ ಮಂಚದ ಚಿಕ್ಕ ಹುಡುಗಿ. ಇನ್ನೂ ಅಕ್ಷರ ಕೂಡಿಸಿ ಓದುವ ವಯಸ್ಸು. ಒಂದು ಸೋಮವಾರ ತಾತ ಕೊಟ್ಟ ತೆಳು ಪುಸ್ತಕವನ್ನು ನೆಲಕ್ಕೆ ಎಸೆದು, ಮುಸುಕು ಹಾಕಿಕೊಂಡು ಅಳಲು ಶುರುಮಾಡಿದಳು. ಏನು ಕೇಳಿದರೂ ಬಾಯಿ ಬಿಡಲಿಲ್ಲ. ಅವಳ ಪರವಾಗಿ ಮಾತಾಡಿದವಳು ಪಕ್ಕದ ಮಂಚದ ಲಾಯರಮ್ಮ.

ಲಾಯರಮ್ಮ ನಮ್ಮ ವಾರ್ಡಿನಲ್ಲಿ ಬಹಳ ದಿನದಿಂದ ಇದ್ದವಳು. ವಾದದಲ್ಲಿ ಅವಳನ್ನು ಗೆದ್ದವರಿಲ್ಲ, ಅದಕ್ಕೇ ಆ ಹೆಸರು. ಕಹಿ ಔಷಧಿ ಕುಡಿಸಬೇಕಾದರೆ ಮೊದಲು ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ರಕ್ತದ ಕಾಯಿಲೆ. ಕೂದಲು ಉದುರಿದ ತಲೆಗೆ ಅವಳಮ್ಮ ಹೊಲಿದುಕೊಟ್ಟ ಹೂವಿನ ಟೋಪಿ.

“ತೆಳು ಪುಸ್ತಕ ಸಿಕ್ಕಿದೋರು ಮನೆಗೆ ಹೋಗಲ್ಲ ಸಿಸ್ಟರ್. ಅದಕ್ಕೇ ಅಳ್ತಿದಾಳೆ” ಎಂದಳು.

“ಯಾರು ಹೇಳಿದ್ದು ಈ ತಲೆಕೆಟ್ಟ ಮಾತು?”

“ಯಾರೂ ಹೇಳ್ಲಿಲ್ಲ, ನಾವೇ ನೋಡಿದ್ದು. ಕಿಟಕಿ ಮಂಚದವಳಿಗೆ ಯಾವಾಗ್ಲೂ ತೆಳುದೇ ಕೊಡ್ತಿದ್ರು. ಮೂಲೆಯವನಿಗೂ ತೆಳುದೇ. ಅವರಿಬ್ರೂ ಏನಾದ್ರು? ಕಾಲು ಮುರಿದುಕೊಂಡಿದ್ದವನಿಗೆ ದಪ್ಪದ್ದು. ಅವನು ಮನೆಗೆ ಹೋದ. ಸುಳ್ಳಾ ಹೇಳಿ?”

ಸುಳ್ಳಲ್ಲ. ಸೂಜಿ ಕೈಯಲ್ಲೇ ಉಳಿಯುವುದು ಹೆಚ್ಚು ಕಾಯಿಲೆಯವರಿಗೆ. ಅವರಲ್ಲೇ ಕೆಲವರು ಉಳಿಯಲಿಲ್ಲ. ಕಾರಣ ಗೊತ್ತಿಲ್ಲದಿದ್ದರೂ ಮಕ್ಕಳ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಬಂದಿತ್ತು. ಗುಬ್ಬಿ ಅತ್ತು ಅತ್ತು ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದಳು. ಲಾಯರಮ್ಮನ ಮಂಚದ ಅಂಚಿನಲ್ಲಿ ಕೂತು, ಕೈ ಊದಿದ ಮಗುವಿನ ಕಥೆ ಹೇಳಿದೆ. ಪುಸ್ತಕದ ದಪ್ಪಕ್ಕೂ ಮನೆಗೆ ಹೋಗುವುದಕ್ಕೂ ಸಂಬಂಧವಿಲ್ಲ, ಸಂಬಂಧ ಇರುವುದು ಸೂಜಿಗೆ ಎಂದೆ.

ಅವಳು ತನ್ನ ಕೈಯ ಸೂಜಿಯನ್ನು ನೋಡಿಕೊಂಡಳು. “ಹಾಗಾದ್ರೆ ನಮ್ಮ ಲೆಕ್ಕ ತಪ್ಪು?”

“ತಪ್ಪು.”

“ಪೂರ್ತಿ ತಪ್ಪಾ?”

ಆಚೆ ಮಂಚದವರು ಕರೆದ ಹಾಗಾಯಿತು ಎಂದು ನೆಪ ಹೇಳಿ ಎದ್ದೆ. “ಗುಬ್ಬಿಗೆ ನಾನೇ ಹೇಳ್ತೀನಿ ಬಿಡಿ” ಎಂದಳು ಹಿಂದಿನಿಂದ. ಹೇಳಿದಳೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ. ವಾರ್ಡಿನಲ್ಲಿ ಕೆಲಸ ಒಂದೇ ಎರಡೇ.

ಲಾಯರಮ್ಮನ ಅಮ್ಮ ಟೈಲರ್. ಅಂಗಡಿಯವರು ಕೊಟ್ಟ ಅಂಗಿಗಳಿಗೆ ಗುಂಡಿ ಹಚ್ಚುವ, ಅಂಚು ಮಡಿಸಿ ಹೊಲಿಯುವ ಕೆಲಸವನ್ನು ಮಗಳ ಮಂಚದ ಪಕ್ಕದಲ್ಲೇ ಕೂತು ಮಾಡುತ್ತಿದ್ದಳು. ಅಪ್ಪ ದೂರದ ಬಂದರಿನಲ್ಲಿ ಕ್ರೇನ್ ನಡೆಸುವವನು. ಅಲ್ಲಿಂದ ಇಲ್ಲಿಗೆ ದಿನಕ್ಕೊಂದೇ ರೈಲು, ಅದರಲ್ಲಿ ಎರಡು ರಾತ್ರಿ ಒಂದು ಹಗಲಿನ ಹಾದಿ. ಅವನ ಕಂಪನಿಯಲ್ಲಿ ದೊಡ್ಡ ರಜೆ ವರ್ಷಕ್ಕೊಂದೇ ಸಲ. ಆ ರಜೆಯನ್ನು ಮಗಳು ಗುಣವಾಗಿ ಮನೆಗೆ ಹೋಗುವ ದಿನಕ್ಕೆಂದು ಗಂಡ ಹೆಂಡತಿ ಎತ್ತಿಟ್ಟಿದ್ದರು. “ನಮ್ಮಪ್ಪ ಬರೋದೇ ನನ್ನ ಮನೆಗೆ ಕರ್ಕೊಂಡು ಹೋಗೋಕೆ” ಎಂದು ಲಾಯರಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಒಂದು ಭಾನುವಾರ ತಾತ ಕುರುಡು ಕುದುರೆಯ ಸಿನಿಮಾ ಹಾಕಿದರು. ಮನೆ ಬಿಟ್ಟ ಒಂದು ಕುಟುಂಬ ಸಾಮಾನನ್ನೆಲ್ಲ ಗಾಡಿಗೆ ಹೇರಿ, ಕಣ್ಣು ಕಾಣದ ಕುದುರೆಯನ್ನು ಮಾತಾಡಿಸುತ್ತಾ ಮಾತಾಡಿಸುತ್ತಾ ಊರೂರು ದಾಟಿಸಿಕೊಂಡು ಹೋಗುತ್ತದೆ. ಅದರಲ್ಲಿ ಯಾರೂ ಸಾಯುವುದಿಲ್ಲ, ತಾತ ಮೊದಲೇ ನೋಡಿ ಆರಿಸಿದ್ದರು. ಟೈಲರಮ್ಮ ಸೂಜಿ ದಾರ ಕೆಳಗಿಟ್ಟು ನೋಡಿದಳು. ಕುದುರೆ ಹಳ್ಳಕ್ಕೆ ಕಾಲಿಡುವಾಗ ಅಮ್ಮ ಮಗಳು ಇಬ್ಬರೂ ಒಟ್ಟಿಗೇ “ಅಯ್ಯೋ” ಎಂದರು.

ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರು ಟೈಲರಮ್ಮನನ್ನು ತಮ್ಮ ಕೋಣೆಗೆ ಕರೆಸಿದರು. ನಾನೂ ಇದ್ದೆ. ನಮ್ಮ ಡಾಕ್ಟರು ಒಳ್ಳೆಯವರೇ, ಆದರೆ ಕೆಟ್ಟ ಸುದ್ದಿ ಹೇಳುವಾಗ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. “ಔಷಧಿ ನಾವು ಅಂದ್ಕೊಂಡಷ್ಟು ಕೆಲಸ ಮಾಡ್ತಾ ಇಲ್ಲಮ್ಮ. ಇನ್ನು ಡ್ರಿಪ್ ಬೇಡ, ಮಗುಗೆ ಸುಮ್ನೆ ಹಿಂಸೆ. ನೋವಿಗೆ ಸಿರಪ್ ಸಾಕು. ಅವಳಿಗೆ ಯಾರು ಬೇಕೋ ಅವರನ್ನ ಕರೆಸ್ಕೊಳ್ಳಿ. ಅವರಪ್ಪ ಬರ್ಲಿ.” ಟೈಲರಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಆ ಕೋಣೆಯಲ್ಲಿ ತಲೆಯಾಡಿಸದವರನ್ನು ನಾನು ನೋಡಿಲ್ಲ. ಹೊರಗೆ ಬಂದು ಗಂಡನಿಗೆ ಫೋನ್ ಮಾಡಿ, ಹೊರಟು ಬನ್ನಿ ಎಂದಳು. ಅದನ್ನು ನನ್ನ ಕಿವಿಯಾರೆ ಕೇಳಿದೆ.

ಲಾಯರಮ್ಮನ ಕೈಯ ಸೂಜಿ ತೆಗೆದವಳು ನಾನೇ. ಪ್ಲಾಸ್ಟರು ಬಿಡಿಸಿ, ಹತ್ತಿ ಒತ್ತಿ ಹಿಡಿದೆ. ಅವಳು ಬೆರಳು ಮಡಿಸಿ ಬಿಚ್ಚಿ ನೋಡಿದಳು. ಏಕೆ ತೆಗೆದಿರಿ ಎಂದು ಕೇಳಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಹಾಕುವ ಹುಡುಗಿ ಅಂದು ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ನನಗೋ, ಸದ್ಯ ಕೇಳಲಿಲ್ಲವಲ್ಲ ಎಂದು ಹಾಯೆನಿಸಿತು.

ಸ್ವಲ್ಪ ಹೊತ್ತಿಗೆ ತಳ್ಳುಗಾಡಿ ಕಿರ್ರೆಂದು ಒಳಗೆ ಬಂತು. ತಾತ ರೂಢಿಯಂತೆ ಮೊದಲು ಕೈ ನೋಡಿದರು. ಬರಿಗೈ. ಅವರ ಮುಖ ಅರಳಿತು. ಬಗ್ಗಿ ಗಾಡಿಯ ಕೆಳಗಿನ ತಟ್ಟೆಯಿಂದ ದಪ್ಪ ಪುಸ್ತಕವೊಂದನ್ನು ಎರಡು ಕೈಯಲ್ಲಿ ಎತ್ತಿದರು.

“ತಗೋಮ್ಮ ಲಾಯರಮ್ಮ, ಇವತ್ತು ನಿಂಗೆ ಅಮ್ಮನನ್ನೇ ತಂದಿದೀನಿ. ನಿನ್ನೆ ಕುದುರೆ ಹೊಸಮನೆ ಮುಟ್ಟಿದಲ್ಲಿಗೆ ಸಿನಿಮಾ ಮುಗೀತಲ್ಲ, ಕಥೆ ಅಲ್ಲಿಗೆ ಅರ್ಧವೂ ಆಗಿಲ್ಲ. ಮಿಕ್ಕಿದ್ದೆಲ್ಲ ಇದರಲ್ಲಿದೆ.”

ಗುಬ್ಬಿ ಸೂಜಿ ಇಲ್ಲದ ಕೈಯಿಂದ ಮಂಚದ ಸರಳನ್ನು ಬಡಿದು ಕೂಗಿದಳು, “ಅಕ್ಕಂಗೆ ದಪ್ಪದ್ದು! ಅಕ್ಕಂಗೆ ದಪ್ಪದ್ದು!” ಮಿಕ್ಕ ಮಕ್ಕಳೂ ದನಿಗೂಡಿಸಿದರು. ಟೈಲರಮ್ಮ ಹೊಲಿಯುತ್ತಿದ್ದ ಅಂಗಿಯನ್ನು ಮಡಿಲಿಗೆ ಇಳಿಬಿಟ್ಟು ಆ ಪುಸ್ತಕವನ್ನೇ ನೋಡಿದಳು. ನಾನು ಔಷಧಿ ಹಂಚುವುದರಲ್ಲಿದ್ದೆ. ಮಕ್ಕಳ ಆಟ ಎಂದುಕೊಂಡೆ.

ಸಂಜೆ ಟೈಲರಮ್ಮ ನಲ್ಲಿಯ ಹತ್ತಿರ ಸಿಕ್ಕಳು. ಮುಖ ತೊಳೆದು ತಲೆ ಬಾಚಿಕೊಂಡಿದ್ದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಳು.

“ಅವರಿಗೆ ಬರಬೇಡಿ ಅಂದುಬಿಟ್ಟೆ ಸಿಸ್ಟರ್.”

“ಯಾರಿಗೆ?”

“ನಮ್ಮನೆಯವರಿಗೆ. ಪಾಪ, ಬ್ಯಾಗು ಹಿಡ್ಕೊಂಡು ರೈಲ್ವೆ ಸ್ಟೇಷನ್ನಿಗೆ ಬಂದುಬಿಟ್ಟಿದ್ರು. ರಜೆ ಸುಮ್ನೆ ಹಾಳಾಗುತ್ತೆ, ಮಗು ಮನೆಗೆ ಹೋಗೋ ಹೊತ್ತಿಗೆ ಬನ್ನಿ ಅಂದೆ. ವಾಪಸ್ ಹೋಗಿ ಕೆಲಸಕ್ಕೆ ಸೇರ್ಕೊಂಡ್ರಂತೆ.”

“ಬೆಳಿಗ್ಗೆ ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ರಲ್ಲಮ್ಮ?”

“ಡಾಕ್ಟ್ರು ಎಲ್ಲರಿಗೂ ಹೆದರಿಸಿಯೇ ಹೇಳ್ತಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ತಮ್ಮ ಮೇಲೆ ಬರಬಾರದಲ್ಲ.” ಅವಳು ದನಿ ತಗ್ಗಿಸಿದಳು. “ಆದ್ರೆ ತಾತ ದಪ್ಪ ಪುಸ್ತಕ ಕೊಟ್ರಲ್ಲ! ಮೊದಲನೇ ಸಲ. ಒಳಗಿನ ವಿಷಯ ನೀವು ಅವರಿಗೆ ಹೇಳಿರ್ತೀರ ಅಂತ ಇಲ್ಲಿ ತಾಯಂದಿರಿಗೆಲ್ಲ ಗೊತ್ತು ಸಿಸ್ಟರ್. ನೀವು ಬಾಯಿಬಿಟ್ಟು ಹೇಳೋ ಹಾಗಿಲ್ಲ, ಅದೂ ಗೊತ್ತು.” ನನ್ನ ಕೈಯನ್ನು ಮೆಲ್ಲಗೆ ಒತ್ತಿ ಹೋದಳು.

ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ ಎಂಬುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆ ಹುಲ್ಲುಕಡ್ಡಿಯನ್ನು ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂದುಕೊಂಡಿರಲಿಲ್ಲ. ನನಗೆ ಸಿಟ್ಟು ಬಂತು. ಡಾಕ್ಟರ ಮೇಲೆ, ಆ ತಾಯಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತಾತನ ಮೇಲೆ. ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸುತ್ತಿದ್ದವರನ್ನು ಹಿಡಿದುಕೊಂಡೆ.

“ಯಾರು ಹೇಳಿದ್ರು ನಿಮಗೆ ಆ ಪುಸ್ತಕ ಕೊಡಿ ಅಂತ?”

“ಸೂಜಿ ಇರ್ಲಿಲ್ಲ ಸಿಸ್ಟರ್. ಕೈ ನೋಡೇ ಕೊಟ್ಟೆ.” ಮುದುಕರು ಗಾಬರಿಯಾದರು. “ಜರುಗಿತಾ? ಊದ್ಕೊಂಡಿತಾ?”

ಆಗಿದ್ದನ್ನು ಹೇಳಿದೆ. ಅವರು ಗಾಡಿಯ ಹಿಡಿ ಹಿಡಿದುಕೊಂಡೇ ಕೆಳಗಿನ ಮೆಟ್ಟಿಲ ಮೇಲೆ ಕೂತರು.

“ಸೂಜಿ ತೆಗೆದಿದಾರೆ ಅಂದ್ರೆ ಹುಷಾರಾಗ್ತಿದಾಳೆ ಅಂತಲೇ ನಾನೂ ತಿಳ್ಕೊಂಡೆ. ಖುಷಿಯಾಯ್ತು. ಖುಷೀಲಿ ಸ್ವಲ್ಪ ಜೋರಾಗೇ ಹೇಳ್ದೆ.” ಮುಖ ಒರೆಸಿಕೊಂಡರು. “ನಾನೇ ಹೋಗಿ ಆ ತಾಯಿಗೆ ಹೇಳ್ತೀನಿ ಸಿಸ್ಟರ್.”

“ಬೇಡ. ಅದು ನನ್ನ ಕೆಲಸ” ಎಂದೆ. ಸಿಟ್ಟು ಮಾಡಲು ಅವರಲ್ಲಿ ಏನೂ ಸಿಗಲಿಲ್ಲ. ನಾನು ಹೇಳಿಕೊಟ್ಟದ್ದನ್ನೇ ಚಾಚೂ ತಪ್ಪದೆ ಮಾಡಿದ್ದರು.

ಟೈಲರಮ್ಮನನ್ನು ಬೆಡ್‌ಶೀಟು ಜೋಡಿಸಿಡುವ ಕೋಣೆಗೆ ಕರೆದೆ. ಒಗೆದ ಬಟ್ಟೆಯ ಬೆಚ್ಚನೆಯ ವಾಸನೆ. ಕೂರಲು ಏನೂ ಇರಲಿಲ್ಲ, ನಿಂತೇ ಮಾತಾಡಿದೆವು.

“ಪುಸ್ತಕದ ವಿಷಯಕ್ಕೂ ಡಾಕ್ಟ್ರಿಗೂ ಏನೇನೂ ಸಂಬಂಧ ಇಲ್ಲಮ್ಮ. ಅದು ನಾನು ಮಾಡಿದ್ದು. ಕೈಗೆ ಸೂಜಿ ಇರೋರು ಭಾರ ಎತ್ತಬಾರದು, ಅದಕ್ಕೆ ತೆಳು ಪುಸ್ತಕ ಕೊಡಿ ಅಂತ ತಾತನಿಗೆ ಹೇಳಿದ್ದೆ. ಸೂಜಿ ಇಲ್ಲದಿದ್ರೆ ಯಾವುದಾದ್ರೂ ಕೊಡಬಹುದು. ಅಷ್ಟೇ.”

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. “ಅಷ್ಟೇನಾ?”

“ಅಷ್ಟೇ.”

“ಹಾಗಾದ್ರೆ ಇವತ್ತು ಸೂಜಿ ಯಾಕೆ ತೆಗೆದ್ರಿ?”

ಕೆಲಸಕ್ಕೆ ಸೇರಿದಂದಿನಿಂದ ಎಷ್ಟೋ ಜನರಿಗೆ ಎಷ್ಟೋ ಉತ್ತರ ಕೊಟ್ಟಿದ್ದೇನೆ. ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಅಷ್ಟರಲ್ಲಿ ಇನ್ನೊಂದು ರೈಲೂ ಹೊರಟು ಹೋಗುತ್ತಿತ್ತು. ಕಡ್ಡಿ ಮುರಿದ ಹಾಗೆ ಹೇಳಿದೆ. “ಇನ್ನು ಹಾಕಿದ್ರೂ ಪ್ರಯೋಜನ ಇಲ್ಲ ಅಂತ.”

ಅವಳು ಅಳಲಿಲ್ಲ. ಪಕ್ಕದ ಶೆಲ್ಫಿನಲ್ಲಿ ಓರೆಯಾಗಿ ಮಡಿಸಿದ್ದ ಒಂದು ಬೆಡ್‌ಶೀಟನ್ನು ಎಳೆದು, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮಡಿಸಿದ್ದನ್ನು ಮತ್ತೆ ಬಿಚ್ಚಿದಳು. “ಬೆಳಿಗ್ಗೆನೇ ಹೀಗೆ ಹೇಳ್ಬಾರದಿತ್ತಾ ಯಾರಾದ್ರೂ” ಎಂದಳು. ನಂತರ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಯಂತ್ರದ ಸದ್ದು ನನಗೂ ಕೇಳಿಸುತ್ತಿತ್ತು.

“ಹೊರಡಿ” ಎಂದಳು.

ಅವನು ಏನೋ ಕೇಳಿದ.

“ಹೂಂ. ಮನೆಗೇ. ಮನೆಗೆ ಕರ್ಕೊಂಡು ಹೋಗೋಕೇ. ಈಗಲೇ ಹೊರಡಿ.”

ಅಂದಿನ ರೈಲು ಹೋಗಿಯಾಗಿತ್ತು. ಮರುದಿನದ ರೈಲಿಗೆ ಹತ್ತಿದರೂ ತಲುಪುವುದು ಗುರುವಾರ ಬೆಳಿಗ್ಗೆ. ಅಷ್ಟು ದಿನ ಆ ಹುಡುಗಿಗೆ ಇದೆಯೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. “ನೋಡೋಣ” ಎಂದರು. ಮತ್ತೆ ಅದೇ ಅಡ್ಡಗೋಡೆ.

ಮಂಗಳವಾರ ತಾತ ಬರುವ ದಿನವಲ್ಲ. ಬಂದರು. ಗಾಡಿ ಇಲ್ಲದೆ ಬರಿಗೈಯಲ್ಲಿ ಬಂದು ಲಾಯರಮ್ಮನ ಪಕ್ಕದಲ್ಲಿ ಕೂತರು. ಟೈಲರಮ್ಮ ವರಾಂಡದಲ್ಲಿ ನಿಂತು ರೈಲ್ವೆಯವರಿಗೆ ಫೋನ್ ಮಾಡುತ್ತಿದ್ದಳು. ನಾನು ಗುಬ್ಬಿಯ ಡ್ರಿಪ್ಪಿನ ಬಾಟಲಿ ಬದಲಿಸುತ್ತಿದ್ದೆ. ಲಾಯರಮ್ಮನಿಗೆ ಜ್ವರ ಏರಿತ್ತು. ದಪ್ಪ ಪುಸ್ತಕ ಹೊಟ್ಟೆಯ ಮೇಲೆ ಬೋರಲಾಗಿತ್ತು. ನಾಲ್ಕಾರು ಹಾಳೆಗಿಂತ ಮುಂದೆ ಹೋಗಿರಲಿಲ್ಲ.

“ಓದಲಾ ನಾನು?” ಎಂದರು ತಾತ.

“ಬೇಡ. ತಾತ, ನಮ್ಮ ಮನೆಗೆ ಒಂದು ಸಿನಿಮಾ ಹೇಳಿ. ಅದರ ಪುಸ್ತಕಾನೂ ಹೇಳಿ.”

ತಾತನಿಗೆ ಜೀವ ಬಂದ ಹಾಗಾಯಿತು. ಸಲಹೆ ಕೇಳಿದರೆ ಸಾಕು ಆ ಮನುಷ್ಯನಿಗೆ. “ಹೇಳೋಣಂತೆ. ಬೇಗ ಅಳೋರು ಯಾರು ನಿಮ್ಮನೇಲಿ?”

“ಅಪ್ಪ. ಅಷ್ಟು ದೊಡ್ಡ ಕ್ರೇನ್ ನಡೆಸ್ತಾನೆ, ನಾಯಿಮರಿಗೆ ಏಟಾದ್ರೆ ಅಳ್ತಾನೆ.”

“ಬೇಗ ನಿದ್ದೆ ಹೋಗೋರು?”

“ಅವನೇ. ಅಮ್ಮ ತಿವಿದು ತಿವಿದು ಎಬ್ಬಿಸ್ತಾಳೆ.”

“ಸರಿ, ಮನೇಲಿ ಯಾರ್ಯಾರು?”

“ಅಪ್ಪ, ಅಮ್ಮ.”

ತಾತ ಮುಂದಿನ ಹೆಸರಿಗೆ ಕಾದರು. ಅದು ಬರಲಿಲ್ಲ.

“ಇಬ್ಬರೇ ಕೂತು ನೋಡೋ ಅಂಥದ್ದು ಹೇಳಿ. ನಗು ಬರೋ ಅಂಥದ್ದು. ಮಕ್ಕಳು ಇಲ್ಲದೇ ಇರೋ ಸಿನಿಮಾ ಆದ್ರೆ ಒಳ್ಳೇದು” ಎಂದಳು.

ತಾತ ಬೋರಲಾಗಿದ್ದ ಪುಸ್ತಕವನ್ನು ಮಡಿಸಿ ಅವಳ ದಿಂಬಿನ ಪಕ್ಕಕ್ಕೆ ಇಟ್ಟರು. ಅಷ್ಟು ವರ್ಷ ಅಂಗಡಿಯಲ್ಲಿ ಬಂದವರಿಗೆಲ್ಲ ಇಲ್ಲ ಎನ್ನದೆ ಆರಿಸಿಕೊಟ್ಟವರು, ಅಂದು ಬಾಯಿ ತೆರೆದರು, ಮುಚ್ಚಿದರು. ಕೊನೆಗೆ “ಹುಡುಕಿ ತರ್ತೀನಮ್ಮ” ಎಂದರು. ಹೊರಗೆ ಹೋಗಿ ಮೆಟ್ಟಿಲ ಹತ್ತಿರ ಗೋಡೆಗೆ ಹಣೆ ಇಟ್ಟು ನಿಂತದ್ದನ್ನು ನಾನು ನೋಡಿದೆ. ಹೋಗಿ ಸಮಾಧಾನ ಹೇಳಲಿಲ್ಲ. ನನಗೇ ಯಾರಾದರೂ ಹೇಳಬೇಕಿತ್ತು.

ನಾನು ಹತ್ತಿರ ಹೋದಾಗ ಲಾಯರಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಸೂಜಿ ತೆಗೆದಿದ್ದಕ್ಕೆ ದಪ್ಪದ್ದು ಕೊಟ್ರು. ನೀವೇ ಹೇಳಿದ್ರಲ್ಲ. ಅಮ್ಮಂಗೆ ಅದು ಗೊತ್ತಿಲ್ಲ, ಹೇಳ್ಬೇಡಿ. ನಿನ್ನೆ ಎಷ್ಟು ನಗ್ತಿದ್ಲು.”

ಅಮ್ಮನಿಗೆ ಗೊತ್ತು ಎಂದು ನಾನು ಹೇಳಲಿಲ್ಲ. ಮಗಳಿಗೆ ಗೊತ್ತು ಎಂದು ಅಮ್ಮನಿಗೂ ಹೇಳಲಿಲ್ಲ. ಇಬ್ಬರ ನಡುವೆ ಟೋಪಿ ಸರಿಮಾಡುವ, ನೀರು ಕುಡಿಸುವ ನೆಪದಲ್ಲಿ ಸುತ್ತಾಡಿದೆ. ಬಾಯಿಬಡುಕಿ ಎನ್ನಿಸಿಕೊಂಡವಳು ಆ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಗುರುವಾರ ಬೆಳಿಗ್ಗೆ, ಕಸ ಗುಡಿಸುವ ಹೊತ್ತಿಗೆ, ಅಪ್ಪ ಬಂದ. ಎತ್ತರದ ಆಳು. ರೈಲಿನಿಂದ ನೇರವಾಗಿ ಬಂದಿದ್ದ, ಅಂಗಿಯ ತೋಳಿನಲ್ಲಿ ಕ್ರೇನಿನ ಗ್ರೀಸಿನ ಕಲೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಷ್ಟು ದೂರದಿಂದ ಓಡಿ ಬಂದವನು ಆಮೇಲೆ ಹೆಜ್ಜೆ ಎತ್ತಲಾಗದೆ ನಿಂತುಬಿಟ್ಟ. ಲಾಯರಮ್ಮ ಕಣ್ಣು ತೆರೆದಳು.

“ಮನೆಗಾ ಅಪ್ಪ?”

“ಹೂಂ ಪುಟ್ಟ, ಮನೆಗೆ.” ಅವಳು ಹೇಳಿದ್ದು ನಿಜ, ಅವನು ಬೇಗ ಅಳುವವನು. ಹೇಗೋ ತಡೆದುಕೊಂಡ.

ದೊಡ್ಡ ಡಾಕ್ಟರು ಕಾಗದಕ್ಕೆ ಸಹಿ ಹಾಕಿದರು. ಮನೆಯಲ್ಲೇ ಇರಲಿ, ಇಲ್ಲಿ ಇನ್ನು ಮಾಡುವುದೇನಿದೆ ಎಂದರು. ಆ ಒಂದು ಸಲ ಸ್ಪಷ್ಟವಾಗಿ ಹೇಳಿದರು. ಟೈಲರಮ್ಮ ಬಟ್ಟೆ ಗಂಟು ಕಟ್ಟಿದಳು. ಸಿರಪ್ ಎಷ್ಟು, ಯಾವಾಗ ಎಂದು ನಾನು ಹೇಳಿಕೊಟ್ಟೆ. ಅಪ್ಪ ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡ. ಅವಳು ಹತ್ತಿಯಷ್ಟು ಹಗುರವಾಗಿದ್ದಳು. ಅವನು ಮಾತ್ರ ಬಲು ಭಾರ ಹೊತ್ತವನಂತೆ ಕಾಲು ಊರಿ ಊರಿ ನಡೆದ. ವಾರ್ಡಿನ ಮಕ್ಕಳು ಕೂಗಿದರು, ಚಪ್ಪಾಳೆ ತಟ್ಟಿದರು. ಅವರ ಪಾಲಿಗೆ ದಪ್ಪ ಪುಸ್ತಕ ಸಿಕ್ಕಿದವಳು ಮನೆಗೆ ಹೋಗುತ್ತಿದ್ದಳು, ಲೆಕ್ಕ ಸರಿಯಾಗಿತ್ತು. ಗುಬ್ಬಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ದಿನವಷ್ಟೇ ಅವಳ ಇನ್ನೊಂದು ಕೈಗೂ ಸೂಜಿ ಹಾಕಿದ್ದೆವು.

ಬಾಗಿಲಲ್ಲಿ ಲಾಯರಮ್ಮ ಅಪ್ಪನ ಭುಜ ತಟ್ಟಿ ನಿಲ್ಲಿಸಿದಳು. ನನ್ನನ್ನು ಹತ್ತಿರ ಬರಲು ಸನ್ನೆ ಮಾಡಿದಳು. ಕಿವಿ ಕೊಟ್ಟೆ.

“ಪುಸ್ತಕ ದಿಂಬಿನ ಕೆಳಗಿದೆ. ಗುಬ್ಬಿಗೆ ಕೊಡಿ.”

“ಅವಳ ಕೈಲಿ ಸೂಜಿ ಇದೆಯಲ್ಲೇ.”

“ನೀವು ಹಿಡ್ಕೊಳ್ಳಿ. ಸೂಜಿ ವಿಷಯ ನಾನು ಅವಳಿಗೆ ಹೇಳೇ ಇಲ್ಲ. ಹೇಳಿದ್ರೆ ಯಾವತ್ತಾದ್ರೂ ದಪ್ಪದ್ದು ಸಿಕ್ಕಿದಾಗ ಅವಳಿಗೆ ಖುಷಿ ಆಗಲ್ಲ.” ಉಸಿರು ಎಳೆದುಕೊಂಡಳು. “ತಾತ ಕೊಟ್ರು ಅಂತ ಹೇಳಿ. ನಾನು ಬಿಟ್ಟು ಹೋದೆ ಅಂತ ಹೇಳ್ಬೇಡಿ.”

ಅವರು ವರಾಂಡ ದಾಟುವವರೆಗೂ ನಿಂತಿದ್ದೆ. ಆಮೇಲೆ ಹೋಗಿ ಖಾಲಿ ಮಂಚದ ದಿಂಬು ಎತ್ತಿ ಪುಸ್ತಕ ತೆಗೆದುಕೊಂಡೆ. ಗುಬ್ಬಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವಳಿಗೆ ಕಾಣುವಂತೆ ನನ್ನ ಮಂಡಿಯ ಮೇಲೆ ತೆರೆದು ಹಿಡಿದೆ.

“ನಂಗಾ?” ಎಂದಳು. “ತಾತ ಕೊಟ್ರಾ?”

“ಹೂಂ. ತಾತನೇ.”

ಅವಳು ಪುಸ್ತಕವನ್ನು ನೋಡಿದಳು, ತನ್ನ ಎರಡೂ ಕೈ ನೋಡಿಕೊಂಡಳು, ನನ್ನ ಮುಖ ನೋಡಿದಳು. “ಹಾಗಾದ್ರೆ ನಾನೂ ಅಕ್ಕನ ಹಾಗೇ ಮನೆಗೆ ಹೋಗ್ತೀನಾ?”

ಮೊದಲನೇ ಹಾಳೆ ತಿರುವಿ, ಓದಲು ಶುರುಮಾಡಿದೆ.